ಅದಲುಬದಲಾದ ಪೋರ್ಟ್

ಹುಬ್ಬಳ್ಳಿಯ ನಮ್ಮ ಕೇಂದ್ರದಲ್ಲಿ ತೀರಿಹೋದವರು ಕಂಪ್ಯೂಟರಿನೊಳಗೆ, ಕೋಣೆಯಂಥ ಒಂದೊಂದು ಕಂಟೇನರಿನಲ್ಲಿ ಒಬ್ಬೊಬ್ಬರಂತೆ ಇರುತ್ತಾರೆ. ಮನೆಯವರು ತಮ್ಮವರ ಕಂಟೇನರಿಗೆ ಜೋಡಿಸಿದ ಪೋರ್ಟ್ ನಂಬರ್ ಒತ್ತಿ ಮಾತಾಡುತ್ತಾರೆ. ದನಿ ಮಾತ್ರ ಎಲ್ಲರಿಗೂ ಯಂತ್ರದ್ದೇ. ಕಳೆದ ತಿಂಗಳು ಸೆಟ್ಟಿಂಗ್ ಬದಲಿಸುವಾಗ ನಾನು, ಪ್ರತಿ ಮಂಗಳವಾರ ಬರುವ ನೀಲವ್ವನವರ ಗಂಡನಿಗೂ, ಯಾರೂ ಮಾತಾಡಿಸಲು ಬಾರದ ಒಬ್ಬ ಮಾಸ್ತರರಿಗೂ ಪೋರ್ಟ್ ಅದಲುಬದಲು ಮಾಡಿಬಿಟ್ಟಿದ್ದೆ. ಅದು ಕಣ್ಣಿಗೆ ಬಿದ್ದದ್ದು ಇವತ್ತು.

ಹೇಳಿಬಿಡೋಣವೆಂದು ಎದ್ದೆ. ಅಷ್ಟರಲ್ಲಿ ನೀಲವ್ವನವರೇ ಮಾತಾಡುವ ಕೋಣೆಯಿಂದ ನಗುತ್ತ ಹೊರಬಂದರು.

"ತಂಗಿ, ಈಗೀಗ ಇವರು ಊಟ ಆತೇನು ಅಂತ ಕೇಳ್ತಾರ. ಬದುಕಿದ್ದಾಗ ಒಂದಿನಾನೂ ಕೇಳಿದ್ದಿಲ್ಲ ನೋಡು."

"ಚಲೋ ಆತ್ರೀ ಅವ್ವಾರ" ಎಂದುಬಿಟ್ಟೆ.

ಅವರು ಹೋದ ಮೇಲೆ, ಗಂಡ ಆಡಿದ ಮಾತೆಲ್ಲ ದಾಖಲಾಗಿರುವ ಲಾಗ್ ತೆರೆದೆ. ಕಳೆದ ಮೂರು ಮಂಗಳವಾರವೂ, ನೀಲವ್ವ ಬರುವ ಹೊತ್ತಿಗೆ, ಕೇಳುವವರಿಲ್ಲದೆ ಆಡಿದ ಒಂದೇ ಸಾಲು: "ನೀಲಾ, ಬಂದಿ ಏನು?"

ಇವತ್ತಿನ ಸಾಲು ಬೇರೆ ಇತ್ತು.

"ನೀಲಾ, ಸಿಟ್ಟ ಬಂತೇನು? ಊಟರ ಆತೇನು?"