ಮಂಜುಗಟ್ಟಿದ ಸೋಪು

ಸೋಪಿನೊಳಗೆ ಮಗಳ ಹೆಸರು ಕಾಣುತ್ತಿರಲಿಲ್ಲ. ಪೊನಿಯೆಮ್ ಒಂದನ್ನು ಅಚ್ಚಿನಿಂದ ಬಿಡಿಸಿ ಬೆಳಕಿಗೆ ಹಿಡಿದಳು. ಇನ್ನೊಂದನ್ನು ಹಿಡಿದಳು. ಹತ್ತನೆಯದನ್ನು ನಿನ್ನೆಯ ಪೇಪರಿನ ಮೇಲಿಟ್ಟಳು. ಗಂಡ ಸರ್ಜೊನೊ ಮಾಡಿದ ಸೋಪಿನಡಿ ಚಿಕ್ಕ ಜಾಹೀರಾತಿನ ಅಕ್ಷರವೂ ಓದಲು ಬರಬೇಕು; ಇಪ್ಪತ್ತು ವರ್ಷಗಳಿಂದ ಆ ಮನೆಯಲ್ಲಿ ಸೋಪಿಗೆ ಅದೇ ಪರೀಕ್ಷೆ. ಇವತ್ತು ದಪ್ಪಕ್ಷರದ ತಲೆಬರಹವೂ ಕಾಣಲಿಲ್ಲ. ಗಂಜಿಯ ತಿಳಿಯಂಥ ಮುನ್ನೂರು ಸೋಪುಗಳು. ಪ್ರತಿಯೊಂದರ ಹೊಟ್ಟೆಯಲ್ಲೂ ‘ನಿಂಗ್ರುಮ್ – ಬಗಸ್’ ಎಂದು ಮಗಳು ಅಳಿಯನ ಹೆಸರು ಅಚ್ಚು ಹಾಕಿಸಿದ ತೆಳು ಪ್ಲಾಸ್ಟಿಕ್ ಪಟ್ಟಿ. ಮದುವೆ ನಾಡಿದ್ದು. ಉಂಡು ಹೊರಡುವ ನೆಂಟರಿಗೆಲ್ಲ ನೆನಪಿಗೊಂದು ಕೊಡಬೇಕು. ಬೀಸಣಿಗೆ ಬೇಡ, ಲೋಟ ಬೇಡ, ಅಪ್ಪನ ಸೋಪೇ ಆಗಬೇಕೆಂದು ಹಟ ಹಿಡಿದವಳು ಮಗಳೇ.

“ಪಾಕ್ನೆ!” ಎಂದು ಗಂಡನನ್ನು ಕೂಗಿದಳು. ಬಾಗಿಲಿಗೆ ಎಳೆ ತೆಂಗಿನ ಗರಿ ಕಟ್ಟುತ್ತಿದ್ದ ಸರ್ಜೊನೊ ಒಂದು ಗರಿ ಹಿಡಿದುಕೊಂಡೇ ಒಳಗೆ ಬಂದ.

“ನೊರೆಪುಡಿ ಎಷ್ಟು ಹಾಕಿದ್ರಿ? ಕಿಲೋಗೆ ಎಷ್ಟು ಚಮಚ?”

ಅವನು ಗರಿಯ ತುದಿ ಸೀಳುತ್ತ ನಿಂತ. “ಒಂದು.”

ಅವಳು ಸೋಪನ್ನು ಅವನ ಕಣ್ಣಿನ ಮುಂದೆ ಹಿಡಿದಳು.

“ನಾಲ್ಕು,” ಎಂದ.

ಹಿತ್ತಿಲಲ್ಲಿ ಮದುವೆ ಅಡುಗೆಗೆ ಈರುಳ್ಳಿ ಸುಲಿಯುತ್ತಿದ್ದ ಹೆಂಗಸರು ಕತ್ತು ಚಾಚಿದರು.

“ಒಂದು ಹಾಕಿದ್ರೆ ಗಾಜು, ಎರಡು ಹಾಕಿದ್ರೆ ಹೊಗೆ ಅಂತ ಕಲಿಯೋಕೆ ಬಂದೋರಿಗೆಲ್ಲ ಪಾಠ ಮಾಡೋರು ನೀವೇ ತಾನೆ?”

“ಹೋದ ರಂಜಾನ್ ಹಬ್ಬದಲ್ಲಿ ನಿನ್ನ ಅಣ್ಣ ಏನಂದ, ಮರೆತ್ಯಾ? ‘ಭಾವನ ಸೋಪು ನೋಡೋಕೂ ಗಾಜು, ಉಜ್ಕೊಂಡ್ರೂ ಗಾಜು. ನಮ್ಮ ಗುಡ್ಡದ ನೀರಲ್ಲಿ ಅದು ನೊರೆ ಬಿಡೋದ್ರೊಳಗೆ ಮುಂದಿನ ಹಬ್ಬ ಬರುತ್ತೆ’ ಅಂದ. ಎಲ್ರೂ ನಕ್ರು. ನೀನೂ ನಕ್ಕೆ.”

“ನಾನು ನಕ್ಕಿದ್ದು ಅವನ ಮೀಸೆಗೆ ಅಂಟಿದ್ದ ಅನ್ನ ನೋಡಿ.”

“ಇರ್ಲಿ. ಈ ಕಡೆಯದೆಲ್ಲ ಸುಣ್ಣದ ನೀರು ಕಣೇ, ಎಂಥಾ ಸೋಪನ್ನೂ ಮೊಸರು ಮಾಡುತ್ತೆ. ನನ್ನ ಮಗಳ ಮದುವೆ ಸೋಪು ಯಾರ ಬಚ್ಚಲಲ್ಲೂ ಜಿಡ್ಡಾಗಿ ಬಿದ್ದಿರಬಾರ್ದು ಅಂತ...”

“ಹೆಸರೇ ಕಾಣದೆ ಯಾರ ಮಗಳ ಮದುವೆ? ಸೆಮರಾಂಗಿಂದ ಬೀಗರು ಬರ್ತಾರೆ. ಇದನ್ನ ಕೈಗೆ ಕೊಟ್ಟು, ಒಳಗೆ ನಮ್ಮ ಹುಡುಗಿ ಇದ್ದಾಳೆ, ನಂಬಿ ಅನ್ಲಾ?” ಎಂದಳು. ಸೋಪನ್ನು ಸೆರಗಿನಂತೆ ಕೊರಳಿಗೆ ಇಳಿಬಿಟ್ಟಿದ್ದ ಬಟ್ಟೆಯಿಂದ ಒರೆಸಿದಳು, ಮಂಜು ಹೊರಗಿನದೇನೋ ಎಂಬಂತೆ.

“ಕರಗಿಸಿ ಮತ್ತೆ ಹೊಯ್ದರೆ?” ಪಕ್ಕದ ಮನೆಯ ತುಮಿರಾ ಬಾಗಿಲಲ್ಲಿ ಇಣುಕಿದಳು.

“ಸಾರಿಗೆ ಬಿದ್ದ ತೆಂಗಿನ ಹಾಲನ್ನ ವಾಪಸ್ ತೆಗೀತೀಯಾ ನೀನು?” ಎಂದಳು ಪೊನಿಯೆಮ್.

ಕರಗಿಸಿ ಹೊಯ್ಯಲು ಹೊಸ ಸೋಪಿನ ಗಟ್ಟಿ ಸುರಬಾಯದಿಂದ ಬರಬೇಕಾದರೆ ನಾಲ್ಕು ದಿನ.

ಆಗ ನಿಂಗ್ರುಮ್ ಕೋಣೆಯಿಂದ ಬಂದಳು. ಮದುಮಗಳು ಮನೆಯ ಹೊಸಿಲು ದಾಟುವಂತಿಲ್ಲವಾದ್ದರಿಂದ ಮೂರು ದಿನದಿಂದ ಒಳಗೇ ಇದ್ದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಮ್ಮನ ಕೈಯಿಂದ ಸೋಪು ಕಿತ್ತುಕೊಂಡು ಬಚ್ಚಲಿಗೆ ಹೋಗಿ, ತೊಟ್ಟಿಯಿಂದ ನೀರು ಮೊಗೆದು ಕೈ ಉಜ್ಜಿದಳು. ನೊರೆ ಎದ್ದಿತು. ಬೆರಳಿನ ಮದರಂಗಿ ಮುಚ್ಚಿತು, ಮಣಿಕಟ್ಟು ಮುಚ್ಚಿತು, ಮೊಣಕೈಯಿಂದ ತೊಟ್ಟಿಕ್ಕಿತು. ಆ ಊರಿನ ನೀರಿನಲ್ಲಿ ಅಷ್ಟು ನೊರೆಯನ್ನು ಯಾರೂ ಕಂಡಿರಲಿಲ್ಲ.

“ಅಪ್ಪಾ, ಮಾವನ ಬಾಯಿಗೆ ಇಷ್ಟು ಸಾಕು.”

“ಹೆಸರು?” ಎಂದಳು ಪೊನಿಯೆಮ್.

“ಸವೆದ ಮೇಲೆ ಕಾಣುತ್ತೆ ಬಿಡಮ್ಮ.”

“ನಿಂಗೆ ಬೇಜಾರಿಲ್ವಾ?”

“ನೀವಿಬ್ರೂ ಆಗ್ಲೇ ಬೇಜಾರು ಮಾಡ್ಕೊಂಡಿದ್ದೀರಲ್ಲ, ಮೂರನೆಯವಳು ಯಾಕೆ?” ಎಂದು ನೊರೆಯ ಕೈಯನ್ನು ಅಪ್ಪನ ಗಲ್ಲಕ್ಕೆ ಒರೆಸಿದಳು. ಸರ್ಜೊನೊ ಅದನ್ನು ಒರೆಸಿಕೊಳ್ಳದೆ ಹಾಗೇ ಬಾಗಿಲಿಗೆ ಹೋಗಿ ಉಳಿದ ಗರಿ ಕಟ್ಟಿದ.

ಮದುವೆ ನಡೆಯಿತು. “ಒಳಗೆ ಹೆಸರಿದೆ” ಎಂದು ಪೊನಿಯೆಮ್ ಮುನ್ನೂರು ಸಲ ಹೇಳಿದಳು. ಬೀಗಿತ್ತಿ ಸೋಪನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಸಿ, ಚೀಲಕ್ಕೆ ಹಾಕಿಕೊಂಡಳು. ಮಗಳು ಸೆಮರಾಂಗಿನ ಕಾರು ಹತ್ತಿದಳು.

ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ ತುಮಿರಾ ಒದ್ದೆ ಕೂದಲಲ್ಲೇ ಬೇಲಿಗೆ ಓಡಿಬಂದಳು. “ಪೊನಿಯೆಮ್ ಅಕ್ಕಾ! ನಮ್ಮನೆ ಸೋಪಲ್ಲಿ ನಿಂಗ್ ಬಂದ್ಲು! ರುಮ್ ನಾಳೆ ಬರ್ತಾಳೆ!” ಅವತ್ತಿನಿಂದ ದಿನಕ್ಕೊಂದು ಸುದ್ದಿ. ಮಸೀದಿ ಬೀದಿಯವರಿಗೆ ಅಳಿಯನೇ ಮೊದಲು ಕಂಡನಂತೆ. ಪೊನಿಯೆಮ್‌ಳ ಅಣ್ಣ ಗುಡ್ಡದ ಮೇಲಿಂದ ಫೋನು ಮಾಡಿ, “ನಮ್ದು ಇನ್ನೂ ನೊರೇನೇ ಬಿಡ್ತಾ ಇದೆ ಭಾವ, ಹುಡುಗಿ ಯಾವಾಗ ಬರೋದು?” ಎಂದು ಗೊಣಗಿದ. ಸರ್ಜೊನೊ ಫೋನಿಟ್ಟು ಬಹಳ ಹೊತ್ತು ನಕ್ಕ.

ನಗುತ್ತಲೇ ಹೆಂಡತಿಗೆ ಹೇಳಲು ಹೋದರೆ ಬಚ್ಚಲ ಬಾಗಿಲು ಹಾಕಿತ್ತು. ಬೆಳಗಿನಿಂದ ಇದು ಮೂರನೆಯ ಸಲ. ಅವಳು ಹೊರಬಂದ ಮೇಲೆ ಅವನು ಒಳಗೆ ಹೋಗಿ ಕೈಗೆ ನೀರು ಹಾಕಿಕೊಂಡು ಸೋಪು ಎತ್ತಿಕೊಂಡ. ‘ಬಗಸ್’ ಇದ್ದ ಕಡೆ ಇನ್ನೂ ದಪ್ಪಗೆ, ಬೆಳ್ಳಗೆ, ಮಂಜು ಮಂಜಾಗಿಯೇ ಇತ್ತು. ‘ನಿಂಗ್ರುಮ್’ ಕಡೆ ಮಾತ್ರ ಹೆಬ್ಬೆರಳಿನಷ್ಟು ಅಗಲದ ಗುಂಡಿ ಬಿದ್ದಿತ್ತು.