ಚಂದ್ರಿಯ ನಡಿಗೆ

ಮೊಣಕಾಲಿಗೆ ಟರ್ಪೆಂಟೈನ್ ಎಣ್ಣೆ ಹಚ್ಚಿಕೊಂಡಾಗಲೆಲ್ಲ ಹಳೇ ಹುಬ್ಬಳ್ಳಿಯ ನಮ್ಮ ಕುದುರೆ ಲಾಯ ನೆನಪಾಗಿ ನನಗೆ ಸಿಟ್ಟು ಬರುತ್ತದೆ.

ಅಪ್ಪನ ಟಾಂಗಾದ ಕುದುರೆ ಚಂದ್ರಿಯ ಮುಂಗಾಲಿನ ಕೀಲಿಗೆ ಪೆಟ್ಟಾಗಿತ್ತು. "ಎಲುಬಿನ ನಡುವಿನ ಮೆತ್ತನ್ನ ಗಾದಿ ಹರದೈತಿ. ಲಗೂ ಕೂಡೂದಿಲ್ಲ. ಟಾಂಗಾಕ್ಕ ಕಟ್ಟಬ್ಯಾಡ್ರಿ, ಸುಮ್ನ ನಿಲ್ಲಿಸಿನೂ ಇಡಬ್ಯಾಡ್ರಿ. ದಿನಾ ಸ್ವಲ್ಪ ಮೆಲ್ಲಕ ನಡಸ್ರಿ," ಎಂದಿದ್ದರು ದನದ ಡಾಕ್ಟರ್.

ಎರಡು ತಿಂಗಳು ಶಾಲೆ ಬಿಟ್ಟೊಡನೆ ನಾನೇ ಹಗ್ಗ ಹಿಡಿದು ಅವಳನ್ನು ಬಾವಿಯವರೆಗೆ ನಡೆಸಿದೆ. ಕುಂಟುವುದು ನಿಂತಿತು. ಅಷ್ಟರಲ್ಲೇ ಒಂದು ಮಧ್ಯಾಹ್ನ ಮದುವೆ ಮನೆಯವರು ವರನ ಮೆರವಣಿಗೆಗೆ ಕುದುರೆ ಕೇಳಲು ಬಂದರು.

"ಯಪ್ಪಾ, ಇನ್ನೂ ಆರಾಮಾಗಿಲ್ಲ," ಎಂದೆ.

"ನಡಸ್ರಿ ಅಂತ ಡಾಕ್ಟರೇ ಹೇಳ್ಯಾರಲ್ಲ. ಮೆರವಣಿಗಿ ಅಂದ್ರ ನಡಿಯೂದ ಅಲ್ಲೇನು?" ಎಂದ ಅಪ್ಪ.

"ಅಲ್ಲಿ ಕುಣಸ್ತಾರ!"

"ಹಿರ್ಯಾರಿಗೆ ಎದುರಾಡಬ್ಯಾಡ," ಎಂದಳು ಅವ್ವ.

ಬ್ಯಾಂಡ್ ಶುರುವಾದದ್ದೇ ತಡ, ಯಾರೋ ಲಗಾಮು ಜಗ್ಗಿದರು. ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡಿದ್ದ ಚಂದ್ರಿ ಮುಂಗಾಲು ಎತ್ತಿ ಎತ್ತಿ ಕಲ್ಲುಹಾಸಿನ ಮೇಲೆ ಕುಣಿದಳು. ಜನ ಸೀಟಿ ಹೊಡೆದರು. ಅಪ್ಪನೂ ನಕ್ಕ.

ಮರುದಿನ ಅವಳು ಆ ಕಾಲನ್ನು ನೆಲಕ್ಕೆ ಊರಲೇ ಇಲ್ಲ. ನಾನು ಎಣ್ಣೆ ತಿಕ್ಕುತ್ತ ಕೂತಿದ್ದೆ. ಅಪ್ಪ ಬಾಗಿ ಆ ಕಾಲು ನೋಡಿ ನನಗೆ ಹೇಳಿದ:

"ಆ ಡಾಕ್ಟರ್ ಮಾತು ಕೇಳಿ ನಡಸಿದ್ದ ತಪ್ಪಾತು ನೋಡವಾ."