ಎರಡು ಬಡಿತ

ಚಿತ್ರದುರ್ಗದಲ್ಲಿ ಆ ವರ್ಷವೂ ಸಂಕ್ರಾಂತಿಗೆ ಮೊದಲೇ ಹಿಮ ಬಿತ್ತು. ಈಗಿನ ರಸ್ತೆಗಳು ತಾವೇ ಬಿಸಿಯಾಗಿ ಬಿದ್ದದ್ದನ್ನೆಲ್ಲ ಕರಗಿಸುವುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಖಾಸಿಂ ಸಾಬರ ಹಿಮ ತಳ್ಳುವ ಲಾರಿ ಹನ್ನೊಂದು ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿತ್ತು. ಅದರ ಮೂತಿಗೆ ಕಟ್ಟಿದ ಕಬ್ಬಿಣದ ಅಲಗಿಗೆ ಅವರು ಪ್ರತಿ ಶುಕ್ರವಾರ ತಪ್ಪದೆ ಎಣ್ಣೆ ಹಚ್ಚುತ್ತಿದ್ದರು.

ಲಾರಿಯನ್ನು ಒಯ್ಯಲು ವಸ್ತುಸಂಗ್ರಹಾಲಯದಿಂದ ಸುಚೇತಾ ಬಂದಿದ್ದಳು. ಮೂರನೇ ಸಲಕ್ಕೆ ಎಂಜಿನ್ ಚಾಲೂ ಆಗಿ ಶೆಡ್ಡಿನ ತುಂಬ ಡೀಸೆಲ್ ಹೊಗೆ ಆವರಿಸಿತು. ಸಾಬರು ರಿವರ್ಸ್ ಗೇರು ಹಾಕಿ, ಹಾಗೇ ಕೂತುಬಿಟ್ಟರು.

"ಯಾಕ್ ನಿಂತ್ರಿ ಸಾಬ್ರೆ? ಹಿಂದೆ ಯಾರೂ ಇಲ್ಲ, ಬನ್ನಿ."

"ಅದೇ ಕಣಮ್ಮ, ಯಾರೂ ಇಲ್ಲ."

ಲಾರಿ ಓಡುತ್ತಿದ್ದ ಕಾಲದಲ್ಲಿ ಕನ್ನಡಿಗಳಿಗೆ ಹಿಮ ಮೆತ್ತಿಕೊಂಡು ಏನೂ ಕಾಣುತ್ತಿರಲಿಲ್ಲ. ಕ್ಲೀನರ್ ತಿಪ್ಪೇಶಿ ಹಿಂದೆ ನಿಂತು ಲಾರಿಯ ಮೈಗೆ ಎರಡು ಸಲ ಬಡಿದ ಮೇಲೆಯೇ ಹಿಂದಕ್ಕೆ ಬಿಡಬೇಕು. ಇಪ್ಪತ್ತಾರು ಚಳಿಗಾಲ ಇದೇ ಕಟ್ಟುಪಾಡು. ತಿಪ್ಪೇಶಿ ತೀರಿಕೊಂಡು ಆರು ವರ್ಷವಾಗಿತ್ತು.

ಸಾಬರು ಇಷ್ಟನ್ನು ಹೇಳಿದಾಗ ಸುಚೇತಾ, "ಬೇಕಾದ್ರೆ ನಾನೇ ಬಡೀಲಾ?" ಎಂದಳು.

"ಬ್ಯಾಡಮ್ಮ. ನಿನ್ ಕೈ ಗುರುತು ಇದಕ್ಕಿಲ್ಲ."

ಅವರು ಗೇರು ಬಿಡಿಸಿ ಇಳಿದರು. ಮಂಡಿ ಹಿಡಿದುಕೊಂಡು ಹಿಂದಕ್ಕೆ ನಡೆದು ಅಂಗೈಯಿಂದ ಎರಡು ಸಲ ಬಡಿದರು. ಯಾರೂ ಇಲ್ಲದ ಡ್ರೈವರ್ ಸೀಟಿನ ಕಡೆಗೆ, "ಬರ್ಲಿ, ಬರ್ಲಿ" ಎಂದು ಕೂಗಿದರು. ಆಮೇಲೆ ಮತ್ತೆ ಹತ್ತಿ ಕೂತು, ಇಷ್ಟು ತಡಮಾಡಿದ್ದಕ್ಕೆ ತಿಪ್ಪೇಶಿ ಎಲ್ಲಿ ಬೈಯುತ್ತಾನೋ ಎಂಬಂತೆ, ಅವಸರ ಅವಸರವಾಗಿ ಲಾರಿಯನ್ನು ಹಿಂದಕ್ಕೆ ಬಿಟ್ಟರು.